ಪ್ರೊಗ್ರೆಸಿವ್ ಕನ್ನಡಕಕ್ಕೆ ಹೊಂದಿಕೊಳ್ಳುವ ಬಗೆ

ಚಾಳೀಸು ಬಂದ ಮೇಲೆ ದೂರಕ್ಕೂ ಓದಿಗೂ ಒಂದೇ ಕನ್ನಡಕವಿರಲೆಂದು ಪ್ರೊಗ್ರೆಸಿವ್ ಮಸೂರ ಹಾಕಿಸಿಕೊಂಡವರಿಗೆ ಮೊದಲ ಕೆಲವು ದಿನ ನೆಲ ತೇಲಿದಂತೆಯೂ ಬಾಗಿಲ ಅಂಚು ಬಾಗಿದಂತೆಯೂ ಕಾಣುವುದು ಸಾಮಾನ್ಯ. ಈ ಮಸೂರದ ಮೇಲ್ಭಾಗದಲ್ಲಿ ದೂರದ ಪವರ್, ಕೆಳಭಾಗದಲ್ಲಿ ಓದುವ ಪವರ್ ಇದ್ದು, ನಡುವಿನ ಕಿರಿದಾದ ಪಟ್ಟಿಯಲ್ಲಿ ಪವರ್ ಸ್ವಲ್ಪಸ್ವಲ್ಪವಾಗಿ ಬದಲಾಗುತ್ತ ಹೋಗುತ್ತದೆ. ಹಾಗೆ ಬದಲಾಗುವುದರಿಂದಲೇ ಎರಡೂ ಪಕ್ಕಗಳಲ್ಲಿ ಮಸುಕು ಉಳಿಯುತ್ತದೆ. ದುಬಾರಿ ಮಸೂರದಲ್ಲಿ ಅದು ಕಡಿಮೆಯಿರಬಹುದೇ ಹೊರತು ಇಲ್ಲವಾಗುವುದಿಲ್ಲ.

ಆದ್ದರಿಂದ ಪಕ್ಕದ ವಸ್ತುವನ್ನು ಕಣ್ಣು ಹೊರಳಿಸಿ ನೋಡದೆ, ಮೂಗು ಅದರ ಕಡೆ ಬರುವಂತೆ ತಲೆಯನ್ನೇ ತಿರುಗಿಸಬೇಕು. ಓದುವಾಗ ಮಾತ್ರ ತಲೆಯನ್ನು ನೆಟ್ಟಗಿಟ್ಟು ಕಣ್ಣನ್ನಷ್ಟೇ ಇಳಿಸಬೇಕು. ಮೆಟ್ಟಿಲು ಇಳಿಯುವಾಗ ಇದಕ್ಕೆ ತದ್ವಿರುದ್ಧ: ಗಲ್ಲವನ್ನು ಎದೆಯ ಕಡೆಗೆ ತಗ್ಗಿಸಿ, ಮಸೂರದ ಮೇಲ್ಭಾಗದಿಂದ ಮೆಟ್ಟಿಲನ್ನು ನೋಡಬೇಕು, ಓದುವ ಭಾಗದಿಂದ ನೋಡಿದರೆ ಮೆಟ್ಟಿಲು ಮಸುಕಾಗಿ, ಅದರ ಆಳದ ಅಂದಾಜು ತಪ್ಪುತ್ತದೆ. ಈ ಅಭ್ಯಾಸ ಕೈಗೂಡುವವರೆಗೆ ಸ್ಕೂಟರ್, ಕಾರು ಓಡಿಸದಿರುವುದು ಲೇಸು. ಕಂಪ್ಯೂಟರ್ ಪರದೆ ಎತ್ತರದಲ್ಲಿದ್ದರೆ ಗಲ್ಲ ಎತ್ತಿ ನೋಡಬೇಕಾಗಿ ಕತ್ತು ನೋಯುವುದರಿಂದ ಅದನ್ನು ತಗ್ಗಿಸಿಕೊಳ್ಳಿ. ದಿನವಿಡೀ ಪರದೆಯ ಮುಂದೆಯೇ ಕೂರುವವರು, ಅಂಗಡಿಯವರು ಏನೇ ಹೇಳಲಿ, ಆ ಕೆಲಸಕ್ಕೆ ಬೇರೊಂದು ಕನ್ನಡಕ ಇಟ್ಟುಕೊಳ್ಳುವುದೇ ಮೇಲು.

ಬೆಳಿಗ್ಗೆ ಎದ್ದ ಕೂಡಲೇ ಹೊಸದನ್ನು ಹಾಕಿಕೊಂಡು ಇಡೀ ದಿನ ಅದರಲ್ಲೇ ಇರಿ. ಬೇಸರವಾದಾಗಲೆಲ್ಲ ಹಳೆಯದಕ್ಕೆ ಮರಳಿದರೆ ಹೊಂದಾಣಿಕೆ ಮತ್ತಷ್ಟು ತಡವಾಗುತ್ತದೆ.

ಸಾಮಾನ್ಯವಾಗಿ ಎರಡು ವಾರದೊಳಗೆ ಕಣ್ಣು ಒಗ್ಗುತ್ತದೆ. ಆಮೇಲೂ ತಲೆನೋವು ಉಳಿದರೆ, ಪವರನ್ನು ದೂರುವ ಮುನ್ನ ಫ್ರೇಮ್ ಕೂತಿರುವ ರೀತಿಯನ್ನು ಪರೀಕ್ಷಿಸಿ. ಕನ್ನಡಕ ಮೂಗಿನ ಮೇಲೆ ಒಂದೆರಡು ಮಿಲಿಮೀಟರ್ ಜಾರಿದರೂ ಮಸೂರದ ಭಾಗಗಳು ಕಣ್ಣಿನ ಎದುರಿನಿಂದ ಸರಿದುಬಿಡುತ್ತವೆ. ಮೂಗಿನ ಪ್ಯಾಡ್ ಬಿಗಿ ಮಾಡಿಸಿದರೆ ಎಷ್ಟೋ ದೂರುಗಳು ಅಲ್ಲೇ ಮುಗಿಯುತ್ತವೆ. ಫ್ರೇಮ್ ಮುಖದ ಮೇಲಿರುವಾಗಲೇ ಪಾಪೆಯ ನೇರಕ್ಕೆ ಪೆನ್ನಿನಿಂದ ಗುರುತು ಹಾಕಿ ಅಳತೆ ತೆಗೆದಿದ್ದರೇ ಎಂಬುದನ್ನು ನೆನಪಿಸಿಕೊಳ್ಳಿ, ಇಲ್ಲವಾದರೆ ಮರುಪರೀಕ್ಷೆ ಕೇಳಿ. ಒಂದೊಂದೇ ಕಣ್ಣು ಮುಚ್ಚಿ ದೂರದ ಬೋರ್ಡ್ ಓದಿ ನೋಡಿದಾಗ ಒಂದು ಕಣ್ಣಿಗೆ ಮಾತ್ರ ಮಸುಕಾದರೆ, ಆ ಕಡೆಯ ಪವರ್ ಅಥವಾ ಸಿಲಿಂಡರ್‌ನ ಆಕ್ಸಿಸ್ (ಕಣ್ಣಿನ ವಕ್ರತೆಯ ದೋಷ ಸರಿಪಡಿಸುವ ಪವರನ್ನು ಕೂರಿಸುವ ಕೋನ) ತಪ್ಪಿರುವ ಸಾಧ್ಯತೆಯಿದ್ದು, ಕಣ್ಣು ಪರೀಕ್ಷೆಯ ಚೀಟಿಯೊಂದಿಗೆ ಮಸೂರವನ್ನು ತಾಳೆ ನೋಡಿಸಬೇಕು. ಆದರೆ ಇದ್ದಕ್ಕಿದ್ದಂತೆ ಎರಡೆರಡಾಗಿ ಕಾಣುವುದು, ಮಿಂಚು ಹೊಳೆದಂತಾಗುವುದು, ನೋಟದ ಒಂದು ಭಾಗ ಕತ್ತಲಾಗುವುದು ಕನ್ನಡಕದ ತೊಂದರೆಗಳಲ್ಲ. ಅಂಗಡಿಗೆ ಹೋಗದೆ ಅಂದೇ ಕಣ್ಣಿನ ವೈದ್ಯರನ್ನು ಕಾಣಿ.