ಜೇನುಮೇಣದ ಬಟ್ಟೆ ಅಂಟುತ್ತಿರಲಿಲ್ಲ, ಈಗ ಅಂಟುತ್ತಿದೆ

ಆಹಾರ ಮುಚ್ಚಿಡಲು ನಾನೇ ಮೇಣ ಸವರಿ ಮಾಡಿದ ಬಟ್ಟೆ ಇದು. ಬಟ್ಟಲಿನ ಬಾಯಿಗೆ ಸುತ್ತಿದರೆ ಅರ್ಧ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಮಡಿಸಿದಲ್ಲೆಲ್ಲ ಬಿಳಿ ಗೆರೆ, ಮೇಣದ ಪುಡಿ.

ಮೇಣ ಹೆಚ್ಚು ಹಾಕಿದೆ, ಇನ್ನೂ ಬಿರುಕು. ಕೊಬ್ಬರಿ ಎಣ್ಣೆ ಹೆಚ್ಚಿಸಿದೆ, ಜಿಡ್ಡಾಯಿತೇ ಹೊರತು ಅಂಟಲಿಲ್ಲ. ಪಾಲಿಸ್ಟರ್ ಬೆರೆತ ಬಟ್ಟೆ ಮೇಣ ಕುಡಿಯಲೇ ಇಲ್ಲ.

ಕೊರತೆಯಿದ್ದದ್ದು ಪೈನ್ ಮರದ ರಾಳ. ಬರೀ ಮೇಣಕ್ಕೆ ಅಂಟುಗುಣ ಕಡಿಮೆ. ಅಳತೆ: ಮೇಣ 50 ಗ್ರಾಂ, ರಾಳ 12 ಗ್ರಾಂ, ಕೊಬ್ಬರಿ ಎಣ್ಣೆ 1 ಟೀ ಚಮಚ. ಕ್ರಮ ಮುಖ್ಯ. ಮೇಣ ಸುಮಾರು 63 ಡಿಗ್ರಿಗೇ ಕರಗುತ್ತದೆ, ರಾಳಕ್ಕೆ ಇನ್ನೂ ಹೆಚ್ಚು ಬಿಸಿ ಬೇಕು. ಎಲ್ಲ ಒಟ್ಟಿಗೆ ಹಾಕಿದಾಗ ರಾಳ ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಆದ್ದರಿಂದ ಕುಟ್ಟಿ ಪುಡಿ ಮಾಡಿದ ರಾಳವನ್ನು ಮೊದಲು ಎಣ್ಣೆಯಲ್ಲಿ, ಕುದಿಯುವ ನೀರಿನ ಮೇಲಿಟ್ಟ ಪಾತ್ರೆಯಲ್ಲಿ, 20 ನಿಮಿಷ ಕದಡಿ. ಆಮೇಲೆ ಮೇಣ. ನೇರ ಉರಿ ಬೇಡ, ಹೊತ್ತಿಕೊಳ್ಳಬಹುದು. ಪಾತ್ರೆ ಹಳೆಯದಿರಲಿ, ರಾಳ ಬಿಡುವುದಿಲ್ಲ.

ಬಟ್ಟೆಗೆ ಹಳೇ ಹತ್ತಿ ಪಂಚೆಯೇ ಸಾಕು. 30 ಸೆಂ.ಮೀ. ಚೌಕಕ್ಕೆ ಸುಮಾರು 12 ಗ್ರಾಂ ಮಿಶ್ರಣವನ್ನು ಬ್ರಷ್‌ನಿಂದ ಸವರಿ, 90 ಡಿಗ್ರಿ ಓವನ್‌ನಲ್ಲಿ 4 ನಿಮಿಷ ಇಟ್ಟು, ತಕ್ಷಣ ಎತ್ತಿ ನೇತುಹಾಕಿ. ಓವನ್ ಇಲ್ಲದಿದ್ದರೆ ಎರಡು ಬೇಕಿಂಗ್ ಪೇಪರ್ ನಡುವೆ ಇಸ್ತ್ರಿ.

ಸುತ್ತಿದ ಮೇಲೆ ಅಂಗೈ ಬಿಸಿಯಲ್ಲಿ 10 ಸೆಕೆಂಡು ಒತ್ತಬೇಕು. ತಣ್ಣೀರಲ್ಲೇ ತೊಳೆಯಿರಿ. ಬಿಸಿ ಚಪಾತಿ, ಹಸಿ ಮಾಂಸಕ್ಕೆ ಇದು ಆಗದು.