ಓಟಿಜಿಯೊಳಗೆ ದೋಸೆ ಹಂಚು: ಚೀಸ್ ಸ್ಕೋನ್ ಉಬ್ಬಿಸಿದ ನನ್ನ ಅನುಭವ

ಕಾದ ದೋಸೆ ಹಂಚನ್ನು ಓಟಿಜಿಯೊಳಗೆ, ಅಂದರೆ ಕರೆಂಟಿನ ಪುಟ್ಟ ಓವನ್ನಿನೊಳಗೆ ಇಟ್ಟು, ಅದರ ಮೇಲೆ ಚೀಸ್ ಸ್ಕೋನ್ (ಬ್ರಿಟನ್ ಕಡೆಯ, ಬನ್ನಿನಂಥ ಪುಟ್ಟ ತಿನಿಸು) ಬೇಯಿಸುತ್ತೇನೆ ಎಂದಾಗ, ಬೇಕಿಂಗ್ ಬಲ್ಲ ಗೆಳತಿಯರೆಲ್ಲ ಮೇಲ್ಭಾಗ ಉಬ್ಬುವ ಮೊದಲೇ ತಳ ಸೀದುಹೋಗುತ್ತದೆ ಎಂದೇ ಹೇಳಿದ್ದರು. ಇಂಗ್ಲೆಂಡಿನಲ್ಲಿರುವ ನನ್ನ ಓರಗಿತ್ತಿಯಂತೂ ಅಲ್ಲಿಯ ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ), ಅಲ್ಲಿಯ ಹಳೆಯ ಚೆಡ್ಡಾರ್ ಎಂಬ ಗಟ್ಟಿ ಚೀಸ್, ಅಲ್ಲಿಯ ಚಳಿ ಇವು ಮೂರೂ ಇಲ್ಲದ ದಾವಣಗೆರೆಯಲ್ಲಿ, ಅದೂ ಮೊಟ್ಟೆ ಹಾಕದೆ, ಈ ಕೆಲಸಕ್ಕೆ ಕೈಹಾಕುವುದೇ ದಂಡ ಎಂದಿದ್ದಳು. ಈಗ ವಾರಕ್ಕೆ 60-70 ಸ್ಕೋನ್ ನನ್ನ ಅಡುಗೆಮನೆಯಿಂದ ಮಾರಾಟವಾಗುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಬೆಣ್ಣೆದೋಸೆಯ ಊರಿನಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೆಣ್ಣೆಯೇ. ಏಪ್ರಿಲ್ ತಿಂಗಳಲ್ಲಿ ನಮ್ಮ ಅಡುಗೆಮನೆ ಬೆಳಿಗ್ಗೆ ಒಂಬತ್ತಕ್ಕೇ 32 ಡಿಗ್ರಿ ದಾಟುತ್ತದೆ. ಹಿಟ್ಟಿನಲ್ಲಿ ಚೂರುಚೂರಾಗಿ ಉಳಿಯಬೇಕಾದ ಬೆಣ್ಣೆ ಬೆರಳು ತಾಗುವಷ್ಟರಲ್ಲಿ ಕರಗಿ ಮೈದಾದೊಳಗೆ ಇಳಿದುಬಿಡುತ್ತದೆ, ಪದರ ಏಳುವುದಿಲ್ಲ. ಬೆಣ್ಣೆಯನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ ತುರಿದು, ಮೈದಾ ಮತ್ತು ಪಾತ್ರೆಯನ್ನೂ ತಣ್ಣಗಿಟ್ಟು, ಬೆಳಗಿನ ಐದಕ್ಕೆ ಕಲಸಿದಾಗ ಅರ್ಧ ತೊಂದರೆ ಕಳೆಯಿತು. ಕತ್ತರಿಸಿದ ಸ್ಕೋನುಗಳನ್ನು ಬೇಯಿಸುವ ಮುನ್ನ ಮತ್ತೆ ಅರ್ಧ ಗಂಟೆ ಫ್ರೀಜರಿಗೆ ಹಾಕಿದಾಗ ಉಳಿದರ್ಧವೂ ಕಳೆಯಿತು.

ಹಣ ಹೆಚ್ಚು ಪೋಲಾದದ್ದು ಚೀಸಿನಲ್ಲಿ. ಅಗ್ಗವೆಂದು ಕಿಲೋಗಟ್ಟಲೆ ತಂದ ಪಿಜ್ಜಾ ಚೀಸ್ ಬಿಸಿಯಲ್ಲಿ ಎಳೆಎಳೆಯಾಗಿ ಚೆಂದ ಕಂಡಿತಾದರೂ ಆರಿದ ಮೇಲೆ ರಬ್ಬರಾಯಿತು, ರುಚಿಯೂ ಸಪ್ಪೆ. ಪ್ರಾಸೆಸ್ಡ್ ಚೀಸಿನಲ್ಲಿ ಕೊಬ್ಬು ಮತ್ತು ನೀರನ್ನು ಹಿಡಿದಿಡುವ ಲವಣಗಳಿರುವುದರಿಂದ ಅದು ಎಣ್ಣೆ ಬಿಡುವುದಿಲ್ಲ. ಆದರೆ ತುರಿದು ಹಾಕಿದರೆ ಹಿಟ್ಟಿನಲ್ಲಿ ಕರಗಿಹೋಗಿ ಒಳಭಾಗವನ್ನು ಅಂಟಂಟಾಗಿಸುತ್ತದೆ. ಬರೀ ಚೆಡ್ಡಾರ್ ಹಾಕಿದಾಗ ಘಮ ಬಂತು, ಎಣ್ಣೆಯೂ ತಟ್ಟೆ ತುಂಬ ಹರಿಯಿತು, ಒಂದು ಸ್ಕೋನಿಗೆ ಚೀಸಿನ ಖರ್ಚೇ 25 ರೂಪಾಯಿ ಆಯಿತು. ಈಗ ಪ್ರಾಸೆಸ್ಡ್ ಚೀಸನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ ಫ್ರೀಜ್ ಮಾಡಿ ಹಾಕುತ್ತೇನೆ, ಹಳೆಯ ಚೆಡ್ಡಾರನ್ನು ಮಾತ್ರ ತುರಿಯುತ್ತೇನೆ. ಎರಡರ ಪ್ರಮಾಣವೇ ನನ್ನ ವ್ಯಾಪಾರವಾದ್ದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ಚೆಡ್ಡಾರ್ ಕಡಿಮೆಯೇ ಇದೆ ಎಂದಷ್ಟೇ ಹೇಳಬಲ್ಲೆ.

ಇನ್ನು ಓಟಿಜಿ. ಗುಂಡಿಯನ್ನು 220ಕ್ಕೆ ತಿರುಗಿಸಿದರೆ ಒಳಗೆ 190 ಕೂಡ ಇರುವುದಿಲ್ಲವೆಂಬುದು, ಸುಮಾರು 400 ರೂಪಾಯಿಯ ಥರ್ಮಾಮೀಟರ್ ತಂದಿಟ್ಟ ಮೇಲೆ ತಿಳಿಯಿತು. ಬಾಗಿಲು ತೆರೆದಾಗ ಇನ್ನೂ ಇಳಿಯುತ್ತದೆ. ಅದು ಮತ್ತೆ ಏರುವಷ್ಟರಲ್ಲಿ ಬೆಣ್ಣೆ ಕರಗಿ ಹರಿದು, ಸ್ಕೋನು ಎತ್ತರಕ್ಕೆ ಏಳದೆ ಅಗಲಕ್ಕೆ ಹರಡುತ್ತದೆ. ಕಾವನ್ನು ಹಿಡಿದಿಟ್ಟುಕೊಳ್ಳುವ ಭಾರದ ವಸ್ತುವೊಂದು ಒಳಗಿರಬೇಕೆಂದು ಹೊಳೆದದ್ದು ಆಗಲೇ. ಹಿಡಿಯಿಲ್ಲದ ಎರಕದ ಹಂಚನ್ನು ಕೆಳಗಿನ ಜಾಲರಿಯ ಮೇಲಿಟ್ಟು, ಮೇಲಿನ ಮತ್ತು ಕೆಳಗಿನ ಎರಡೂ ಕಾವಿನ ರಾಡು ಹಾಕಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ 35-40 ನಿಮಿಷ ಕಾಯಿಸುತ್ತೇನೆ. ಫ್ರೀಜರಿನಿಂದ ತೆಗೆದ ಸ್ಕೋನುಗಳ ತಟ್ಟೆಯನ್ನು ನೇರವಾಗಿ ಹಂಚಿನ ಮೇಲಿಟ್ಟು, ಐದಾರು ನಿಮಿಷದ ಬಳಿಕ ಕೆಳಗಿನ ರಾಡನ್ನು ಆರಿಸಿ ಗುಂಡಿಯನ್ನು ಇಳಿಸುತ್ತೇನೆ. ತಳದಿಂದ ಒಮ್ಮೆಗೇ ಬರುವ ಕಾವಿಗೆ ಬೆಣ್ಣೆಯ ನೀರು ಹಬೆಯಾಗಿ ಹಿಟ್ಟನ್ನು ಎತ್ತುತ್ತದೆ. ಹಿಟ್ಟು ಹೆಪ್ಪುಗಟ್ಟಿರುವುದರಿಂದ ತಳ ಸೀಯುವುದೂ ಇಲ್ಲ. ಒಂದಿಂಚು ದಪ್ಪವಿದ್ದ ಸ್ಕೋನು ಸುಮಾರು ಎರಡಿಂಚಿಗೆ ಏಳುತ್ತದೆ. ಓರಗಿತ್ತಿ ಚಿತ್ರ ನೋಡಿ ಬೇಕರಿಯಿಂದ ತಂದದ್ದೇ ಎಂದು ಕೇಳಿದಳು. ಅದಕ್ಕಿಂತ ದೊಡ್ಡ ಬಿರುದು ನನಗೆ ಬೇಕಿಲ್ಲ.

ಅಳತೆ ಹೆಚ್ಚುಕಡಿಮೆ ಹೀಗಿದೆ: 300 ಗ್ರಾಂ ಮೈದಾ, ಮೂರು ಟೀ ಚಮಚ ಬೇಕಿಂಗ್ ಪೌಡರ್, 75 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಎಲ್ಲ ಸೇರಿ 150 ಗ್ರಾಂ ಚೀಸ್, 170 ಮಿಲಿಯಷ್ಟು ತಣ್ಣನೆಯ ಹಾಲು, ಅರ್ಧ ಟೀ ಚಮಚ ಸಾಸಿವೆ ಪುಡಿ. ಚೀಸಿನಲ್ಲೇ ಸಾಕಷ್ಟು ಇರುವುದರಿಂದ ಬೇರೆ ಉಪ್ಪು ಹಾಕುವುದಿಲ್ಲ. ಬಣ್ಣಕ್ಕೆ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನ ಪುಡಿ ಸಾಕು, ಖಾರಕ್ಕೆ ಗುಂಟೂರು ಒಂದು ಚಿಟಿಕೆ. ಹುಳಿ ಮಜ್ಜಿಗೆಗೆ ಸೋಡಾ ಸೇರಿಸಿ ಕಲಸಿದರೆ ಒಳಭಾಗ ಇನ್ನಷ್ಟು ಮೆದುವಾಗುತ್ತದೆ ನಿಜ, ಆದರೆ ಆ ಹಿಟ್ಟನ್ನು ಕೂಡಲೇ ಬೇಯಿಸಬೇಕು. ಫ್ರೀಜರಿನಲ್ಲಿ ಇಟ್ಟು ತಡಮಾಡಿದರೆ ಸೋಡಾದ ಬಲ ಅಲ್ಲೇ ಮುಗಿಯುತ್ತದೆ. ಮೇಲ್ಮೈ ಕೆಂಪಾಗಲು ಮೊಟ್ಟೆಯ ಬದಲು ನಾನು ಸವರುವ ದ್ರವದಲ್ಲಿ ಹಾಲಿನ ಪುಡಿ ಇದೆ, ಉಳಿದದ್ದು ನನ್ನಲ್ಲೇ ಇರಲಿ. ಮೇಲೆ ಉದುರಿಸುವ ಚೀಸನ್ನು ಕೊನೆಯ ನಾಲ್ಕು ನಿಮಿಷಕ್ಕೆ ಹಾಕಬೇಕು, ಮೊದಲೇ ಹಾಕಿದರೆ ರಾಡಿನ ಕೆಳಗೆ ಕರಕಾಗುತ್ತದೆ.

ನಡುವೆ ಬೇರೆ ಪ್ರಯೋಗಗಳಿಗೂ ಮನಸ್ಸು ಹರಿಯಿತು. ಮೈದಾದಲ್ಲಿ ಕಾಲು ಭಾಗ ತೆಗೆದು ಜೋಳದ ಹಿಟ್ಟು ಸೇರಿಸಿದಾಗ ಚೀಸಿಗೂ ಜೋಳಕ್ಕೂ ರುಚಿ ಬಹಳ ಚೆನ್ನಾಗಿ ಹೊಂದಿತು, ಆದರೆ ಅಂಟಿಲ್ಲದ ಹಿಟ್ಟಾದ್ದರಿಂದ ಮರುದಿನ ಡಬ್ಬಿಯಲ್ಲೇ ಪುಡಿಪುಡಿಯಾಯಿತು. ಹಸಿ ಮೆಂತ್ಯ ಸೊಪ್ಪು ನೀರು ಬಿಟ್ಟು ಹಿಟ್ಟನ್ನು ಕೆಡಿಸಿತು. ಒಣ ಕಸೂರಿ ಮೇಥಿ ಗೆದ್ದಿತು. ಕರೆಂಟು ಹೋದ ಒಂದು ದಿನ ಒಲೆಯ ಮೇಲಿನ ಹಂಚಿನಲ್ಲೇ, ಸಣ್ಣ ಉರಿಯಲ್ಲಿ ಮುಚ್ಚಿ, ಪಕ್ಕಕ್ಕೆ ಏಳೆಂಟು ನಿಮಿಷದಂತೆ ಬೇಯಿಸಿ ನೋಡಿದೆ. ಸ್ಕಾಟ್ಲೆಂಡಿನಲ್ಲಿ ಹಿಂದೆ ಸ್ಕೋನುಗಳನ್ನು ಹಂಚಿನ ಮೇಲೆಯೇ ಬೇಯಿಸುತ್ತಿದ್ದರು, ಹಾಗಾಗಿ ಇದೇನೂ ಹುಚ್ಚಾಟವಲ್ಲ. ಚಪ್ಪಟೆಯಾಗಿದ್ದರೂ ಮಕ್ಕಳು ಒಂದನ್ನೂ ಉಳಿಸಲಿಲ್ಲ; ಮಾರಾಟಕ್ಕೆ ಮಾತ್ರ ಆ ರೂಪ ನಡೆಯದು.

ಮೇಲಿನ ಅಳತೆಗೆ ಹತ್ತು ಸ್ಕೋನುಗಳಾಗುತ್ತವೆ. ಸಾಮಾನು, ಒಂದೂವರೆ ಯೂನಿಟ್ಟಿನಷ್ಟು ಕರೆಂಟು ಎಲ್ಲ ಸೇರಿ ನೆನಪಿನ ಲೆಕ್ಕದಲ್ಲಿ ತಲಾ 24-25 ರೂಪಾಯಿ ಬೀಳುತ್ತದೆ, 50ಕ್ಕೆ ಕೊಡುತ್ತೇನೆ. ಹಂಚು ಒಮ್ಮೆ ಕಾದರೆ ಎರಡನೆಯ ತಟ್ಟೆಗೆ ಹತ್ತು ನಿಮಿಷ ಸಾಕಾಗುವುದರಿಂದ 20ಕ್ಕಿಂತ ಕಡಿಮೆ ಆರ್ಡರಿಗೆ ಓಟಿಜಿ ಹಚ್ಚುವುದಿಲ್ಲ. ಕತ್ತರಿಸಿ ಹೆಪ್ಪುಗಟ್ಟಿಸಿದವು ಡಬ್ಬಿಯಲ್ಲಿ ಮೂರು ವಾರ ಕೆಡದೆ ಇರುತ್ತವೆ. ಅವಕ್ಕೆ ಮೂರು ನಿಮಿಷ ಹೆಚ್ಚು ಕಾವು ಕೊಟ್ಟರಾಯಿತು. ಸದ್ಯಕ್ಕೆ ಫ್ರೀಜರಿನಲ್ಲಿ 40ಕ್ಕಿಂತ ಹೆಚ್ಚು ಹಿಡಿಯುತ್ತಿಲ್ಲ, ದೀಪಾವಳಿಯ ಹೊತ್ತಿಗೆ ಹಳೆಯದೊಂದು ಡೀಪ್ ಫ್ರೀಜರ್ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದೇನೆ.