ದುಬಾರಿ ಚಳಿಗಾಲದ ಕೋಟು: ಕೊಳ್ಳೋದಾ, ಬಿಡೋದಾ?

ಒಳ್ಳೆಯ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತ ಮೇಲೆ ಯಾರಿಗೂ ಲೆಕ್ಕ ಸರಿಯಾಗಿ ಬರುವುದಿಲ್ಲ. ಆ ಕೆಲಸ ಮನೆಯಲ್ಲೇ ಮುಗಿಸಿಕೊಂಡು ಹೋಗಿ.

ಕಳೆದ ವರ್ಷ ದಪ್ಪ ಕೋಟು ನಿಜವಾಗಿ ಎಷ್ಟು ದಿನ ಹಾಕಿದ್ದಿರಿ? ವರ್ಷಕ್ಕೆ 100 ದಿನ ಅಂದುಕೊಳ್ಳಿ. ಒಳ್ಳೆಯ ಕೋಟು 8 ವರ್ಷ ಬಂದರೆ 800 ಸಲ ಹಾಕಿದ ಹಾಗಾಯಿತು. ಅದರ ಕಾಲು ಭಾಗ ಬೆಲೆಯದ್ದು ಎರಡೇ ಚಳಿಗಾಲಕ್ಕೆ ಜಿಪ್ ಕಿತ್ತು, ತೋಳಿನ ಅಂಚು ಸವೆದು ಕೈಕೊಟ್ಟರೆ 200 ಸಲ. ಒಂದು ಸಲಕ್ಕೆ ಬೀಳುವ ಖರ್ಚು ಎರಡಕ್ಕೂ ಒಂದೇ, ಆದರೆ ಮೊದಲನೆಯದರಲ್ಲಿ ಎಂಟೂ ವರ್ಷ ಬೆಚ್ಚಗಿರುತ್ತೀರಿ. ವರ್ಷಕ್ಕೆ ಹತ್ತೇ ದಿನದ ಪ್ರವಾಸಕ್ಕೆ ಬೇಕು ಅನ್ನುವುದಾದರೆ ಮುಂದೆ ಓದಬೇಡಿ, ಗೊತ್ತಿದ್ದವರ ಹತ್ತಿರ ಇಸ್ಕೊಂಡು ಹೋಗಿ.

ಆಮೇಲೆ ನಿಮ್ಮದು ಎಂಥ ಚಳಿ ಅಂತ ಯೋಚಿಸಿ. ಬಾತುಕೋಳಿಯ ಎಳೆ ಪುಕ್ಕ ತುಂಬಿದ ಡೌನ್ ಜಾಕೆಟ್ ಒಣ ಚಳಿಗೆ ಬಹಳ ಚೆನ್ನ. ತೂಕವೇ ಇರುವುದಿಲ್ಲ. ಆದರೆ ನೆನೆದರೆ ಪುಕ್ಕ ಉಂಡೆ ಕಟ್ಟುತ್ತದೆ, ಅದರ ನಡುವೆ ನಿಂತಿದ್ದ ಗಾಳಿ ಹೋಗುತ್ತದೆ, ಆ ಗಾಳಿಯೇ ಅಲ್ವಾ ನಿಮ್ಮನ್ನು ಬೆಚ್ಚಗಿಟ್ಟಿದ್ದು. ಮಳೆ ಬೆರೆತ ಚಳಿಯಾದರೆ ಸಿಂಥೆಟಿಕ್ ತುಂಬಿದ್ದೇ ವಾಸಿ. ಉಣ್ಣೆ ಇವೆರಡರ ನಡುವೆ: ತನ್ನ ತೂಕದ ಸುಮಾರು ಶೇಕಡ 30ರಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಆದರೆ ಜೋರು ಮಳೆಯಲ್ಲಿ ಭಾರವಾಗುತ್ತದೆ.

ಡೌನ್ ಲೇಬಲ್ ಮೇಲಿನ 600, 800 ಅನ್ನುವ ಫಿಲ್ ಪವರ್ ನೋಡಿ ಮರುಳಾಗಬೇಡಿ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಪುಕ್ಕ ಎಷ್ಟು ಘನ ಇಂಚು ಉಬ್ಬುತ್ತದೆ ಅನ್ನುವುದಷ್ಟೇ ಅದು. ಎಷ್ಟು ತುಂಬಿದ್ದಾರೆ ಅನ್ನುವುದು ಬೇರೆ ಮಾತು. 800ರ ಪುಕ್ಕ 80 ಗ್ರಾಂ ಇರುವ ಜಾಕೆಟ್ಟಿಗಿಂತ 600ರ ಪುಕ್ಕ 200 ಗ್ರಾಂ ಇರುವುದು ಹೆಚ್ಚು ಬೆಚ್ಚಗಿರುತ್ತದೆ. ತೂಕ ಎಷ್ಟು ಅಂತ ಕೇಳಿ.

ಈಗ ಕೋಟಿನ ಒಳಮೈ ಹೊರಗೆ ಮಾಡಿ ನೋಡಿ, ಅಂಗಡಿಯವರು ಏನಂದುಕೊಂಡರೂ ಪರವಾಗಿಲ್ಲ. ಜೇಬಿನ ಒಳಬಟ್ಟೆ ಮುಟ್ಟಿ. ಖರ್ಚು ಉಳಿಸುವವರು ಉಳಿಸುವುದು ಇಂಥ ಕಾಣದ ಕಡೆಯೇ. ಉಣ್ಣೆ ಕೋಟಾದರೆ ಬೆನ್ನಿನ ನಡುವೆ ಅಸ್ತರಿನಲ್ಲಿ ಒಂದು ನೆರಿಗೆ ಇರಬೇಕು. ಅದಿಲ್ಲದಿದ್ದರೆ ಕೈ ಮುಂದೆ ಚಾಚಿದಾಗೆಲ್ಲ ಅಸ್ತರು ಎಳೆದು, ಒಂದು ದಿನ ಕಂಕುಳ ಹತ್ತಿರ ಹರಿಯುತ್ತದೆ. ಗುಂಡಿ ಬಟ್ಟೆಗೆ ಅಂಟಿಕೊಂಡಿರಬಾರದು, ಕೆಳಗೆ ದಾರ ಸುತ್ತಿದ ಸಣ್ಣ ಕಾಂಡ ಇರಬೇಕು. ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಬಿಡಿ: ಒಳ್ಳೆಯ ಉಣ್ಣೆ ಸುಕ್ಕು ಬಿಡಿಸಿಕೊಂಡು ಏಳುತ್ತದೆ. ಜಿಪ್ಪನ್ನು ಹತ್ತು ಸಲ ಎಳೆದು ನೋಡಿ, ಒಂದು ಸಲ ಸಿಕ್ಕಿಕೊಂಡರೂ ವಾಪಸ್ ಇಡಿ. ಲೇಬಲ್‌ನಲ್ಲಿ ಶೇಕಡ 80 ಉಣ್ಣೆ, 20 ನೈಲಾನ್ ಅಂತಿದ್ದರೆ ಮೋಸ ಅಂದುಕೊಳ್ಳಬೇಡಿ, ಅದು ಬಟ್ಟೆ ಸವೆಯದಿರಲಿ ಅಂತ ಬೆರೆಸುವುದು. ಕ್ಯಾಶ್ಮೀರ್, ಅಂದರೆ ಮೇಕೆಯ ನವಿರು ಉಣ್ಣೆ, ಮುಟ್ಟಲು ಬೆಣ್ಣೆ, ನಿಜ, ಆದರೆ ದಿನಾ ಬ್ಯಾಗಿನ ಪಟ್ಟಿ ಉಜ್ಜುವ ಹೆಗಲಿಗೆ ಅದು ತಾಳುವುದಿಲ್ಲ.

ಅಳತೆ ನೋಡುವಾಗ ಒಳಗೆ ದಪ್ಪ ಸ್ವೆಟರ್ ಇರಲಿ. ಎಲ್ಲ ಗುಂಡಿ ಹಾಕಿ, ಕುಳಿತುಕೊಳ್ಳಿ, ಬಸ್ಸಿನ ಕಂಬಿ ಹಿಡಿಯುವ ಹಾಗೆ ಕೈ ಎತ್ತಿ. ತೋಳಿನ ಉದ್ದ ಆಮೇಲೆ ಸರಿ ಮಾಡಿಸಬಹುದು, ಹೆಗಲು ಮಾತ್ರ ಆಗುವುದಿಲ್ಲ. ನಾನು ಒಮ್ಮೆ ಅರ್ಧ ಬೆಲೆಗೆ ಸಿಕ್ಕಿತು ಅಂತ ಹೆಗಲು ಎರಡು ಬೆರಳು ದೊಡ್ಡದಿದ್ದ ಕೋಟು ತಂದೆ. ಟೈಲರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿ, «ಇಡೀ ಕೋಟು ಬಿಚ್ಚಬೇಕಾಗುತ್ತೆ» ಅಂದರು. ಮೂರು ಚಳಿಗಾಲ ಅದು ಮೊಳೆಗೇ ನೇತಾಡಿತು. ಅರ್ಧ ಬೆಲೆಯೂ ಪೂರ್ತಿ ದಂಡ.

ಇಷ್ಟೆಲ್ಲ ದಾಟಿದರೆ, ಜಿಪ್ ಹೋದಾಗ ರಿಪೇರಿ ಮಾಡಿಕೊಡುತ್ತಾರಾ ಅಂತೊಂದು ಕೇಳಿಬಿಟ್ಟು ತಗೊಳ್ಳಿ. ಬಿಲ್ಲು ಇಟ್ಟುಕೊಂಡು, ಟ್ಯಾಗ್ ಕೀಳದೆ ಎರಡು ದಿನ ಮನೆಯೊಳಗೆ ಹಾಕಿಕೊಂಡು ಓಡಾಡಿ. ಉಳಿಸಿಕೊಳ್ಳುವುದು ಖಾತ್ರಿಯಾದ ಮೇಲೆ ಹಿಂದುಗಡೆಯ ಸೀಳಿಗೆ ಅಡ್ಡಡ್ಡ ಹಾಕಿರುವ ದಾರ ಕತ್ತರಿಸಿ. ಅದು ಡಿಸೈನ್ ಅಲ್ಲ, ಸಾಗಿಸುವಾಗ ಬಟ್ಟೆ ಮಡಚದಿರಲಿ ಅಂತ ಹಾಕಿದ ಹೊಲಿಗೆ.